ಶೋಧಕದ ಗುಣ ಮೊನಚೊಂದರಲ್ಲಿದೆಯೆ?

ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿ ವರ್ಷಂಪ್ರತಿ ತಪ್ಪದೆ ನಡೆಯುವ ಪ್ರಯೋಗಗಳಲ್ಲಿ ಅನುರಣನ ಮಂಡಲದ ಪ್ರಯೋಗವೂ ಒಂದು. ಒಂದು ತಂತಿಸುರುಳಿ, ಒಂದು ಧಾರಕ, ಒಂದು ರೋಧಪೆಟ್ಟಿಗೆ, ಇವನ್ನು ಸಾಲಾಗಿ ಜೋಡಿಸಿ ಆವೃತ್ತಿಯನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋದರೆ, ಮಂಡಲದಲ್ಲಿ ಹರಿಯುವ ವಿದ್ಯುತ್ತು ಮೊದಲು ಏರಿ, ಒಂದು ನಿಯತ ಆವೃತ್ತಿಯಲ್ಲಿ ಶಿಖರವನ್ನು ಮುಟ್ಟಿ, ಬಳಿಕ ಇಳಿಯುತ್ತದೆ. ಶಿಖರದ ಆವೃತ್ತಿಯನ್ನು ಅದರ ಅಗಲದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ‘ಕ್ಯೂ’ ಅಥವಾ ಗುಣಾಂಕವೆಂದು ಹೆಸರು. ‘ಉತ್ತಮ ಮಂಡಲ ಯಾವುದು?’ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುವುದು ವಾಡಿಕೆ. ‘ಗುಣಾಂಕ ಹೆಚ್ಚಾಗಿರುವುದು’ ಎಂದು ಉತ್ತರಿಸುವುದೂ ವಾಡಿಕೆ.

ನಾನು ಅಧ್ಯಾಪನಕ್ಕೆ ಸೇರಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಆಲೇಖವನ್ನು ತಂದು ತೋರಿಸಿದಳು. ಮಂಡಲದಲ್ಲಿ ೧೦೦ ಓಮ್ ರೋಧವಿರಬೇಕಾದೆಡೆ ಅವಳು ೫೦೦ ಓಮ್ ಇರಿಸಿದ್ದಳು. ಆದಕಾರಣ ಅವಳ ವಕ್ರರೇಖೆ ಗೋಪುರದಂತೆ ಮೊನಚಾಗಿರದೆ ಹರಡಿದ ಗುಡ್ಡದಂತೆ ಕಾಣುತ್ತಿತ್ತು. “ಇದು ಚೆನ್ನಾಗಿಲ್ಲಮ್ಮ, ಶಿಖರ ಮೊನಚಾಗಿರಬೇಕು” ಎಂದು ನಾನು ಎರಡು ಅಂಕಗಳನ್ನು ಕಳೆದೆ. ಅವಳು ಸಂಕೋಚದಿಂದಲೇ, “ಅಗಲವಾದದ್ದು ಯಾವುದಕ್ಕೂ ಬೇಕಾಗುವುದಿಲ್ಲವೆ, ಸರ್?” ಎಂದು ಕೇಳಿದಳು. “ಬೇಕಾಗುವುದಿಲ್ಲ” ಎಂದು ಹೇಳಿ ಪಕ್ಕದ ಮೇಜಿನತ್ತ ನಡೆದೆ.

ಆ ಉತ್ತರ ತಪ್ಪು. ಬೇರೆ ರೋಧವನ್ನು ಇರಿಸಿದ್ದಕ್ಕೆ ಅಂಕ ಕಳೆದದ್ದು ನ್ಯಾಯವಾಗಿರಬಹುದು. ಆದರೆ ಅವಳ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಹೊತ್ತಿನಲ್ಲಿ ನನ್ನ ಜೇಬಿನಲ್ಲಿದ್ದ ಫೋನಿನೊಳಗೇ ಅದಕ್ಕೆ ವಿರುದ್ಧವಾದ ಸಾಕ್ಷ್ಯವಿತ್ತು. ಅನುರಣನವನ್ನು ನಾವು ಬೋಧಿಸುವ ಕ್ರಮದಲ್ಲಿಯೇ ಒಂದು ಕೊರತೆಯಿದೆ ಎಂಬುದು ನನ್ನ ಅಭಿಪ್ರಾಯ. ಆ ಕೊರತೆಯನ್ನು ಮೇಲ್ಮೈ ಧ್ವನಿತರಂಗ ಶೋಧಕವೆಂಬ ಪುಟ್ಟ ಉಪಕರಣದ ಮೂಲಕ ತೋರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಮೊದಲು ಶೋಧಕದ ಕೆಲಸವೇನೆಂಬುದನ್ನು ವಿಚಾರಿಸೋಣ. ಎಂಜಿನಿಯರುಗಳು ಫಿಲ್ಟರು ಎಂದು ಕರೆಯುವ ಈ ಸಾಧನ ನಮ್ಮ ಮನೆಯ ಜರಡಿಯಂತೆ. ಹಿಟ್ಟು ಕೆಳಗಿಳಿಯಬೇಕು, ತೌಡು ಮೇಲೆ ನಿಲ್ಲಬೇಕು. ಜರಡಿಯ ಕಣ್ಣು ತೀರ ಸಣ್ಣದಾದರೆ ತೌಡಿನೊಡನೆ ಹಿಟ್ಟೂ ಮೇಲೆಯೇ ಉಳಿಯುವುದು. ಮೀಡಿಯಂ ವೇವ್ ರೇಡಿಯೊ ಕೇಂದ್ರಗಳ ಆವೃತ್ತಿಗಳನ್ನು ನಮ್ಮ ದೇಶದಲ್ಲಿ ೯ ಕಿಲೊಹರ್ಟ್ಸ್ ಅಂತರದ ಮೆಟ್ಟಿಲುಗಳ ಮೇಲೆ ಇರಿಸಲಾಗಿದೆ. ಪಕ್ಕದ ಕೇಂದ್ರ ಕೇಳಿಸಬಾರದೆಂದು ಶೋಧಕವನ್ನು ಮೊನಚು ಮಾಡುತ್ತ ಹೋಗಿ, ಕೇವಲ ೨ ಕಿಲೊಹರ್ಟ್ಸ್ ಅಗಲಕ್ಕೆ ತಂದೆವೆನ್ನಿ. ಪಕ್ಕದ ಕೇಂದ್ರವೇನೋ ಮೌನವಾಗುವುದು. ಆದರೆ ವಾಹಕ ಆವೃತ್ತಿಯ ಎರಡು ಬದಿಗಳಲ್ಲಿ ತಲಾ ೧ ಕಿಲೊಹರ್ಟ್ಸ್ ಮಾತ್ರ ಉಳಿಯುವುದರಿಂದ ನಮ್ಮ ಕೇಂದ್ರದ ಗಾಯಕನ ಕಂಠ ಕಂಬಳಿ ಹೊದ್ದಂತೆ ಮಂಕಾಗುವುದು. ‘ಸ’, ‘ಶ’ಗಳ ವ್ಯತ್ಯಾಸವೇ ತಿಳಿಯದು. ಹಾಡು ಇರುವುದು ವಾಹಕ ಆವೃತ್ತಿಯಲ್ಲಿ ಅಲ್ಲ, ಅದರ ಅಕ್ಕಪಕ್ಕದ ಹರವಿನಲ್ಲಿ. ಅಗಲವಿಲ್ಲದ ತರಂಗ ಒಂದೇ ಸಮನೆ ಮಿಡಿಯುತ್ತಿರುವುದೇ ಹೊರತು ಯಾವ ವರ್ತಮಾನವನ್ನೂ ತರಲಾರದು.

ಆದುದರಿಂದ ಒಳ್ಳೆಯ ಶೋಧಕಕ್ಕೆ ಎರಡು ಲಕ್ಷಣಗಳು ಬೇಕು. ವರ್ತಮಾನವೆಲ್ಲ ಹಾದುಹೋಗುವಷ್ಟು ಪಟ್ಟಿಯಗಲ ಒಂದು. ನೆರೆಯವರನ್ನು ತಡೆಯುವಷ್ಟು ಆಯ್ಕೆಶಕ್ತಿ ಇನ್ನೊಂದು. ತಲೆ ಮಟ್ಟಸವಾಗಿ, ಅಂಚು ಕಡಿದಾಗಿರಬೇಕು. ನಮ್ಮ ಪ್ರಯೋಗಶಾಲೆಯ ಮಂಡಲದಲ್ಲಿ ಈ ಎರಡೂ ಒಂದೇ ಸಂಖ್ಯೆಗೆ ಕಟ್ಟುಬಿದ್ದಿವೆ. ಅಗಲ ಮಾಡಿದರೆ ಅಂಚು ಸಡಿಲವಾಗುವುದು, ಅಂಚನ್ನು ಬಿಗಿಮಾಡಿದರೆ ಅಗಲ ಹೋಗುವುದು. ಈ ಕಟ್ಟನ್ನು ಬಿಡಿಸಲು ಸಾಧ್ಯವೆ? ಸಾಧ್ಯ, ಆದರೆ ಅದಕ್ಕೆ ಬೆಲೆಯನ್ನು ತೆರಬೇಕಾಗುತ್ತದೆ.

೧೮೮೦ರಲ್ಲಿ ಝಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲೆ ವಿದ್ಯುದಂಶ ಮೂಡುವುದನ್ನು ಕಂಡರು. ಇದೇ ಪೀಜೋವಿದ್ಯುತ್ ಪರಿಣಾಮ. ಇದರ ವಿಲೋಮವೂ ಸತ್ಯ. ವಿದ್ಯುತ್ತನ್ನು ಒಡ್ಡಿದರೆ ಹರಳು ಹಿಗ್ಗುತ್ತದೆ, ಕುಗ್ಗುತ್ತದೆ. ೧೮೮೫ರಲ್ಲಿ ಲಾರ್ಡ್ ರ‍್ಯಾಲೇ ಘನವಸ್ತುವಿನ ಮೇಲ್ಮೈಯನ್ನು ಬಿಡದೆ ಸಾಗುವ ತರಂಗಗಳಿರಬಹುದೆಂದು ಗಣಿತದಿಂದ ತೋರಿಸಿದನು. ಭೂಕಂಪಗಳಲ್ಲಿ ಅವುಗಳ ಪಾತ್ರ ಮುಖ್ಯವಾಗಿರಬಹುದೆಂದೂ ಸೂಚಿಸಿದನು. ಈ ಎರಡು ಎಳೆಗಳು ಕೂಡಿಬರಲು ಎಂಬತ್ತು ವರ್ಷಗಳೇ ಬೇಕಾದುವು. ೧೯೬೫ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಎಂಬವರು ಪೀಜೋವಿದ್ಯುತ್ ಹರಳಿನ ಮೇಲೆ ತೆಳುವಾದ ಲೋಹದ ಬೆರಳುಗಳನ್ನು ಮೂಡಿಸಿ, ವಿದ್ಯುತ್ತಿನಿಂದ ನೇರವಾಗಿ ಮೇಲ್ಮೈ ತರಂಗಗಳನ್ನು ಎಬ್ಬಿಸಿದರು. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರ ನಡುವೆ ಒಂದು ಬರುವಂತೆ ಇಟ್ಟರೆ ಹೇಗೋ ಹಾಗಿರುತ್ತದೆ ಆ ಬೆರಳುಗಳ ಜೋಡಣೆ. ಹರಳಿನ ಒಂದು ತುದಿಯ ಇಂಥ ಜೋಡಿ ತರಂಗವನ್ನು ಎಬ್ಬಿಸುತ್ತದೆ; ಇನ್ನೊಂದು ತುದಿಯ ಜೋಡಿ ಅದನ್ನು ಮರಳಿ ವಿದ್ಯುತ್ತಾಗಿ ಮಾರ್ಪಡಿಸುತ್ತದೆ.

ಈ ತರಂಗದ ವೇಗ ಬಹಳ ಕಡಮೆ. ಲಿಥಿಯಂ ನಯೋಬೇಟ್ ಎಂಬ ಹರಳಿನ ಒಂದು ಬಗೆಯ ಕೊಯ್ತದ ಮೇಲೆ ಅದು ಸೆಕೆಂಡಿಗೆ ೩,೪೮೮ ಮೀಟರು. ಎಂದರೆ ಬೆಳಕಿಗಿಂತ ಸುಮಾರು ೮೬,೦೦೦ ಪಾಲು ನಿಧಾನ. ಬಯಲಿನಲ್ಲಿ ೭.೭ ಮೀಟರು ತರಂಗದೂರವುಳ್ಳ ೩೮.೯ ಮೆಗಾಹರ್ಟ್ಸ್ ಸಂಕೇತ, ಈ ಹರಳಿನ ಮೇಲೆ ಕೇವಲ ೯೦ ಮೈಕ್ರೊಮೀಟರಿಗೆ ಕುಗ್ಗುತ್ತದೆ. ಬೆರಳಿನ ಅಗಲ ಇದರ ನಾಲ್ಕನೆಯ ಒಂದು ಪಾಲು, ಸುಮಾರು ೨೨ ಮೈಕ್ರೊಮೀಟರು. ಹೀಗಾಗಿ ತರಂಗವೊಂದರ ದೀರ್ಘ ಚರಿತ್ರೆಯನ್ನು ಕೆಲವೇ ಮಿಲಿಮೀಟರುಗಳ ಹರಳಿನಲ್ಲಿ ಹಿಡಿದಿಡಬಹುದಾಗಿದೆ.

ಈಗ ಆಯ್ಕೆಯ ರಹಸ್ಯಕ್ಕೆ ಬರೋಣ. ಬೆರಳುಗಳ ಅಂತರಕ್ಕೆ ಸರಿಹೊಂದುವ ಆವೃತ್ತಿಯಲ್ಲಿ ಪ್ರತಿಯೊಂದು ಜೊತೆ ಬೆರಳೂ ಎಬ್ಬಿಸಿದ ಅಲೆ ಮುಂದಿನದರೊಡನೆ ಹೆಜ್ಜೆಗೂಡಿಸಿ ಬೆಳೆಯುತ್ತದೆ. ಆವೃತ್ತಿ ತುಸು ಬದಲಾದರೆ ಹೆಜ್ಜೆ ತಪ್ಪಿ ಅಲೆಗಳು ಒಂದನ್ನೊಂದು ಅಳಿಸುತ್ತವೆ. ೧೦ ಜೊತೆ ಬೆರಳುಗಳಿದ್ದರೆ ಪಟ್ಟಿಯಗಲ ನಡುವಣ ಆವೃತ್ತಿಯ ಸುಮಾರು ಹತ್ತನೆಯ ಒಂದು ಪಾಲು. ೧೦೦ ಜೊತೆಗಳಿದ್ದರೆ ನೂರನೆಯ ಒಂದು ಪಾಲು. ಸೈನಿಕರ ಸಾಲು ಉದ್ದವಾದಷ್ಟೂ ಹೆಜ್ಜೆ ತಪ್ಪಿದ್ದು ಬೇಗ ತಿಳಿಯುವಂತೆ ಇದು.

ಇದರ ಹಿಂದಿನ ತತ್ತ್ವವನ್ನು ತಿಳಿಯಲು ಹರಳೂ ಬೇಡ, ಬಾಚಣಿಗೆಯೂ ಬೇಡ. ಒಂದು ತಂಬೂರಿ ಸಾಕು. ನಡುವಣ ಎರಡು ತಂತಿಗಳನ್ನು ಶ್ರುತಿಗೂಡಿಸುವವರನ್ನು ಗಮನಿಸಿ. ಅವರು ಎರಡನ್ನೂ ಮೀಟಿ, ಕಿವಿಗೊಟ್ಟು ಕಾಯುತ್ತಾರೆ. ಒಂದು ತಂತಿಯ ಕಂಪನ ಇನ್ನೊಂದಕ್ಕಿಂತ ಸೆಕೆಂಡಿಗೆ ಒಂದರಷ್ಟು ಹೆಚ್ಚಿದ್ದರೆ ನಾದವು ಸೆಕೆಂಡಿಗೆ ಒಮ್ಮೆ ಉಬ್ಬಿ ಇಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ವಿಸ್ಪಂದವೆಂದು ಕರೆಯುವುದು ಇದನ್ನೇ. ಆ ಉಬ್ಬಿಳಿತವನ್ನು ಕಾಣಲು ಸುಮಾರು ಒಂದು ಸೆಕೆಂಡಾದರೂ ಕೇಳಲೇಬೇಕು. ಹತ್ತನೆಯ ಒಂದು ಸೆಕೆಂಡಿನಲ್ಲಿ ನಾದವನ್ನು ಅದುಮಿಬಿಟ್ಟರೆ ಎಂಥ ಸೂಕ್ಷ್ಮ ಕಿವಿಗೂ ವ್ಯತ್ಯಾಸ ತಿಳಿಯದು. ಎಷ್ಟು ಸಣ್ಣ ಅಂತರವನ್ನು ಗುರುತಿಸಬೇಕೋ ಅಷ್ಟು ದೀರ್ಘಕಾಲ ಕೇಳಬೇಕು. ಈ ನಿಯಮಕ್ಕೆ ಯಾವ ಶೋಧಕವೂ ಹೊರತಲ್ಲ. ಒಂದು ಮೆಗಾಹರ್ಟ್ಸ್ ಅಂತರವನ್ನು ಗುರುತಿಸಲು ಸ್ಥೂಲವಾಗಿ ಒಂದು ಮೈಕ್ರೊಸೆಕೆಂಡು ಕೇಳಬೇಕು. ಅಷ್ಟು ಕಾಲ ಕೇಳಲು ನಮ್ಮ ಹರಳಿನ ಮೇಲೆ ೩.೫ ಮಿಲಿಮೀಟರು ಉದ್ದದ ಬಾಚಣಿಗೆ ಬೇಕು. ಹರಳಿನ ಉದ್ದವೆಂದರೆ ಅದು ಕೇಳುವ ಕಾಲವೇ.

ಬೆರಳುಗಳೆಲ್ಲ ಒಂದೇ ಸಮನಾಗಿದ್ದರೆ ಅಗಲವೂ ಅಂಚೂ ಇಲ್ಲಿಯೂ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಆದರೆ ಬೆರಳುಗಳು ಪರಸ್ಪರ ಎದುರಾಗುವ ಉದ್ದವನ್ನು ನಾವು ಬೇಕಾದಂತೆ ಬದಲಾಯಿಸಬಹುದು. ನಡುವೆ ಹೆಚ್ಚು, ತುದಿಗಳತ್ತ ಹೋದಂತೆ ಅಲೆಯಲೆಯಾಗಿ ಕಡಮೆ. ಆಗ ನಡುವಣ ಉಬ್ಬಿನ ಉದ್ದ ಪಟ್ಟಿಯಗಲವನ್ನು ನಿರ್ಧರಿಸುತ್ತದೆ; ಬಾಚಣಿಗೆಯ ಒಟ್ಟು ಉದ್ದ ಅಂಚಿನ ಕಡಿದನ್ನು ನಿರ್ಧರಿಸುತ್ತದೆ. ಸುರುಳಿ ಧಾರಕಗಳ ಸರಳ ಮಂಡಲದಲ್ಲಿ ಬಿಡಿಸಲಾಗದ ಕಟ್ಟು ಇಲ್ಲಿ ಬಿಚ್ಚಿಕೊಂಡಿತು. ಆದರೆ ಪೂರ್ತಿ ಕಡಿದಾದ ಅಂಚಿಗೆ ಅನಂತ ಉದ್ದದ ಹರಳು ಬೇಕು. ಎಲ್ಲಿಯೋ ಒಂದೆಡೆ ಕತ್ತರಿಸಲೇಬೇಕು. ಥಟ್ಟನೆ ಕತ್ತರಿಸಿದರೆ ಪಟ್ಟಿಯ ಹೊರಗೆ ಮರಿಶಿಖರಗಳು ಏಳುತ್ತವೆ. ಸಮಾನ ಬೆರಳುಗಳ ಬಾಚಣಿಗೆಯಲ್ಲಿ ಮೊದಲ ಮರಿಶಿಖರದ ಎತ್ತರ ಮುಖ್ಯ ಶಿಖರದ ಸುಮಾರು ಐದನೆಯ ಒಂದು ಪಾಲು. ತುದಿಗಳನ್ನು ಹ್ಯಾಮಿಂಗ್ ಎಂಬ ಗಣಿತಜ್ಞನು ಹೇಳಿದ ರೀತಿಯಲ್ಲಿ ಮೆಲ್ಲನೆ ಇಳಿಸಿದರೆ ಅದು ನೂರನೆಯ ಒಂದು ಪಾಲಿಗಿಂತಲೂ ಕೆಳಗಿಳಿಯುವುದು. ಆದರೆ ಅದೇ ಉದ್ದದಲ್ಲಿ ಮುಖ್ಯ ಶಿಖರದ ಬುಡ ಎರಡರಷ್ಟು ಅಗಲವಾಗುವುದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು.

ಈ ಕೊಡುಕೊಳ್ಳುವಿಕೆಗೆ ದೂರದರ್ಶನ ಪೆಟ್ಟಿಗೆಗಿಂತ ಒಳ್ಳೆಯ ನಿದರ್ಶನ ಸಿಗದು. ೧೯೮೨ರಲ್ಲಿ ನಮ್ಮ ದೇಶಕ್ಕೆ ವರ್ಣಪ್ರಸಾರ ಬಂದ ಮೇಲೆ ಮನೆಮನೆಗೆ ಹರಡಿದ ಟೀವಿಗಳ ಒಳಗೆ ಇಂಥ ಶೋಧಕವೊಂದು ಇರುವುದು ಸಾಮಾನ್ಯವಾಯಿತು. ಆ ಬಗೆಯ ಪ್ರಸಾರ ಈಗ ಬಹುಮಟ್ಟಿಗೆ ನಿಂತುಹೋಗಿದ್ದರೂ ಅದರ ಪಾಠ ಹಳತಾಗಿಲ್ಲ. ಪೆಟ್ಟಿಗೆಯೊಳಗೆ ಚಿತ್ರದ ವಾಹಕವನ್ನು ೩೮.೯ ಮೆಗಾಹರ್ಟ್ಸ್‌ಗೆ, ಧ್ವನಿಯದನ್ನು ೩೩.೪ಕ್ಕೆ ತರಲಾಗುತ್ತಿತ್ತು. ಪಕ್ಕದ ವಾಹಿನಿಯ ಧ್ವನಿ ೪೦.೪ರಲ್ಲಿ ಬಂದು ಕೂರುತ್ತಿತ್ತು. ಅದನ್ನು ತಡೆಯದಿದ್ದರೆ ಚಿತ್ರದ ಮೇಲೆ ಗೆರೆಗಳು ಓಡಾಡುತ್ತಿದ್ದುವು. ಹಾಗಾದರೆ ೩೮.೯ರ ಆಚೆಗೇ ಅಂಚನ್ನು ಗೋಡೆಯಂತೆ ಕಡಿದುಬಿಡಬಹುದಲ್ಲವೆ? ಕೂಡದು. ಚಿತ್ರದ ಒಂದು ಬದಿಯ ಪಟ್ಟಿಯನ್ನು ೫ ಮೆಗಾಹರ್ಟ್ಸ್‌ವರೆಗೆ ಪೂರ್ತಿಯಾಗಿ, ಇನ್ನೊಂದು ಬದಿಯದನ್ನು ಕೇವಲ ೦.೭೫ ಮೆಗಾಹರ್ಟ್ಸ್‌ವರೆಗೆ ಪ್ರಸಾರ ಮಾಡುತ್ತಿದ್ದರು. ಹೀಗಾಗಿ ಚಿತ್ರದ ವಿಶಾಲ ಭಾಗಗಳ ವರ್ತಮಾನ ಎರಡು ಬದಿಗಳಿಂದಲೂ ಬಂದು ಇಮ್ಮಡಿಯಾಗುತ್ತಿತ್ತು. ಸೂಕ್ಷ್ಮ ವಿವರಗಳದು ಒಂದೇ ಬದಿಯಿಂದ. ಇದನ್ನು ಸರಿದೂಗಿಸಲು ಶೋಧಕದ ಅಂಚು ೩೮.೧೫ರಿಂದ ೩೯.೬೫ರವರೆಗೆ ಒಂದೇ ಸಮನಾದ ಇಳಿಜಾರಾಗಿ, ೩೮.೯ರಲ್ಲಿ ಸರಿಯಾಗಿ ಅರ್ಧ ಎತ್ತರದಲ್ಲಿ ಇರಬೇಕಾಗಿತ್ತು. ಅದಕ್ಕಿಂತ ಕಡಿದಾದ ಅಂಚು ಇಲ್ಲಿ ಗುಣವಲ್ಲ, ದೋಷ.

ಇಳಿಜಾರು ಮುಗಿದ ೩೯.೬೫ರಿಂದ ೪೦.೪ರವರೆಗೆ ಉಳಿದದ್ದು ೦.೭೫ ಮೆಗಾಹರ್ಟ್ಸ್. ತಂಬೂರಿಯ ನಿಯಮದಂತೆ ಅದನ್ನು ಗುರುತಿಸಲು ಸುಮಾರು ೧.೩ ಮೈಕ್ರೊಸೆಕೆಂಡು, ಎಂದರೆ ನಾಲ್ಕೂವರೆ ಮಿಲಿಮೀಟರಿಗೂ ಮಿಕ್ಕ ಉದ್ದ ಬೇಕು. ಹರಳು ಉದ್ದವಾದಷ್ಟೂ ಬೆಲೆ ಹೆಚ್ಚು. ಮಾತ್ರವಲ್ಲ, ಇನ್ನೊಂದು ತೊಡಕೂ ಇದೆ. ತರಂಗವು ಎರಡನೆಯ ಬಾಚಣಿಗೆಯಿಂದ ಹಿಮ್ಮರಳಿ, ಮೊದಲನೆಯದಕ್ಕೆ ತಾಗಿ, ಮತ್ತೆ ಮುಂದೆ ಬರುತ್ತದೆ. ಒಮ್ಮೆಯ ಪಯಣಕ್ಕೆ ೨ ಮೈಕ್ರೊಸೆಕೆಂಡು ಹಿಡಿದರೆ ಈ ಪ್ರತಿಧ್ವನಿ ೪ ಮೈಕ್ರೊಸೆಕೆಂಡು ತಡವಾಗಿ ತಲಪುವುದು. ತೆರೆಯ ಒಂದು ಗೆರೆಯ ಕಾಣುವ ಭಾಗ ೫೨ ಮೈಕ್ರೊಸೆಕೆಂಡುಗಳದ್ದಾದುದರಿಂದ, ತೆರೆಯ ಅಗಲದ ಹದಿಮೂರನೆಯ ಒಂದು ಪಾಲಿನಷ್ಟು ಬಲಕ್ಕೆ ಸರಿದು ಚಿತ್ರದ ಛಾಯೆಯೊಂದು ಮೂಡುತ್ತಿತ್ತು. ಇದನ್ನು ಅಡಗಿಸಲು ಎಂಜಿನಿಯರುಗಳು ಶೋಧಕವನ್ನು ಬೇಕೆಂದೇ ಅರೆಬರೆಯಾಗಿ ಜೋಡಿಸಿದರು. ಮುಖ್ಯ ಸಂಕೇತ ದಾರಿಯನ್ನು ಒಮ್ಮೆ ದಾಟುವುದು, ಪ್ರತಿಧ್ವನಿ ಮೂರು ಬಾರಿ. ಆದ್ದರಿಂದ ನಷ್ಟದ ಪೆಟ್ಟು ಪ್ರತಿಧ್ವನಿಗೇ ಹೆಚ್ಚು. ಕಳೆದ ಬಲವನ್ನು ವರ್ಧಕದಿಂದ ಮರಳಿ ಪಡೆದರು. ಶಕ್ತಿಯ ನಷ್ಟವನ್ನು ತಾವಾಗಿಯೇ ಒಪ್ಪಿಕೊಂಡು ಶುದ್ಧ ಚಿತ್ರವನ್ನು ಕೊಂಡ ವ್ಯಾಪಾರವಿದು.

ಇಂದಿನ ಮೊಬೈಲ್ ಫೋನಿನಲ್ಲಿ ಇದೇ ವ್ಯಾಪಾರ ಇನ್ನೂ ಬಿಗಿಯಾಗಿ ನಡೆಯುತ್ತದೆ. ನಮ್ಮಲ್ಲಿಯೂ ಬಳಕೆಯಲ್ಲಿರುವ ೯೦೦ ಮೆಗಾಹರ್ಟ್ಸ್ ಪಟ್ಟಿಯಲ್ಲಿ ಫೋನಿನಿಂದ ಗೋಪುರಕ್ಕೆ ೮೮೦ರಿಂದ ೯೧೫, ಗೋಪುರದಿಂದ ಫೋನಿಗೆ ೯೨೫ರಿಂದ ೯೬೦ ಮೆಗಾಹರ್ಟ್ಸ್. ಪಟ್ಟಿಗಳ ಅಗಲ ೩೫, ನಡುವಣ ಓಣಿ ಕೇವಲ ೧೦. ಇಂಥ ಶೋಧಕಗಳಲ್ಲಿ ಲಿಥಿಯಂ ಟ್ಯಾಂಟಲೇಟ್ ಎಂಬ ಹರಳು ಬಹಳ ಬಳಕೆಯಲ್ಲಿದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ಆವೃತ್ತಿ ಹತ್ತು ಲಕ್ಷದಲ್ಲಿ ಸುಮಾರು ೩೫ ಪಾಲು ಇಳಿಯುತ್ತದೆ. ಅಲ್ಪವೆಂದು ತೋರಬಹುದು, ಆದರೆ ೬೦ ಡಿಗ್ರಿಗಳ ಏರಿಳಿತಕ್ಕೆ ಅಂಚು ಸುಮಾರು ೨ ಮೆಗಾಹರ್ಟ್ಸ್ ಸರಿಯುವುದು. ಹತ್ತರ ಓಣಿಯಲ್ಲಿ ಎರಡು ಬೇಸಗೆ ಚಳಿಗಾಲಗಳ ಪಾಲಾಯಿತು! ಹಾಗಾದರೆ ಸಾಮಾನ್ಯ ಉಷ್ಣತೆಯಲ್ಲಿ ಅಲುಗಾಡದ ಕೊಯ್ತದ ಕ್ವಾರ್ಟ್ಸ್ ಹರಳನ್ನೇ ಬಳಸಬಾರದೇಕೆ? ಕ್ವಾರ್ಟ್ಸಿನಲ್ಲಿ ವಿದ್ಯುತ್ತಿಗೂ ತರಂಗಕ್ಕೂ ಇರುವ ನಂಟು ಬಹಳ ದುರ್ಬಲ. ಎರಡು ಬಾಚಣಿಗೆಗಳ ಶೋಧಕದಲ್ಲಿ, ಹೆಚ್ಚು ನಷ್ಟವಿಲ್ಲದೆ ಅದರಿಂದ ದೊರೆಯುವ ಅಗಲ ನಡುವಣ ಆವೃತ್ತಿಯ ನೂರಕ್ಕೆ ನಾಲ್ಕೈದು ಮಾತ್ರ. ಲಿಥಿಯಂ ನಯೋಬೇಟಿನಲ್ಲಾದರೋ ನೂರಕ್ಕೆ ಇಪ್ಪತ್ತನ್ನು ಮೀರುವುದು, ಆದರೆ ಉಷ್ಣತೆಯ ಮುಂದೆ ಅದು ಇನ್ನೂ ಚಂಚಲ. ಹರಳಿನ ಮೇಲೆ ಸಿಲಿಕನ್ ಡೈಆಕ್ಸೈಡಿನ ಪೊರೆಯನ್ನು ಹೊದಿಸಿ ಈ ಚಾಂಚಲ್ಯವನ್ನು ತಗ್ಗಿಸುವುದುಂಟು. ಆಗ ನಂಟು ತುಸು ಸಡಿಲವಾಗಿ ಅಗಲದಲ್ಲಿ ಒಂದು ಪಾಲನ್ನು ತೆರಬೇಕಾಗುತ್ತದೆ.

ನನ್ನ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಆರಂಭದಲ್ಲಿ ಸರಳ ಸೂತ್ರ ಸಾಕು, ‘ಗುಣಾಂಕ ಹೆಚ್ಚಿದ್ದರೆ ಉತ್ತಮ’ ಎಂದು ಕಲಿಯಲಿ, ತೊಡಕುಗಳನ್ನು ಮುಂದೆ ತಿಳಿದುಕೊಳ್ಳಬಹುದು ಎಂಬುದು. ಗಡಿಯಾರದ ಹರಳಿನಂಥ ಒಂದೇ ಆವೃತ್ತಿಯ ಉಪಕರಣಗಳಿಗೆ ಆ ಮಾತು ನಿಜವೆಂದು ನಾನೂ ಒಪ್ಪುತ್ತೇನೆ. ಆದರೆ ಮುಂದೆ ತಿಳಿದುಕೊಳ್ಳುವ ಅವಕಾಶ ಎಷ್ಟು ವಿದ್ಯಾರ್ಥಿಗಳಿಗುಂಟು? ಪದವಿಯ ನಂತರ ಭೌತಶಾಸ್ತ್ರವನ್ನು ಬಿಡುವವರೇ ಹೆಚ್ಚು. ಅವರ ಮನಸ್ಸಿನಲ್ಲಿ ಉಳಿಯುವುದು ಆ ಸರಳ ಸೂತ್ರವೇ, ಮತ್ತು ‘ಗುಣ’ ಎಂಬ ಹೆಸರು ಹೊತ್ತ ಸಂಖ್ಯೆ ಯಾವಾಗಲೂ ದೊಡ್ಡದಿರಬೇಕೆಂಬ ಭ್ರಮೆಯೇ.

ಎರಡನೆಯದು: ಇದು ಗಣಕಗಳ ಯುಗ, ಸಂಕೇತವನ್ನು ಅಂಕಿಗಳಾಗಿ ಮಾರ್ಪಡಿಸಿ ಲೆಕ್ಕದಿಂದಲೇ ಶೋಧಿಸಬಹುದಲ್ಲ ಎಂಬುದು. ಶೋಧಿಸಬಹುದು, ಆದರೆ ಲೆಕ್ಕವೂ ತಂಬೂರಿಯ ನಿಯಮವನ್ನು ಮೀರದು. ಕಡಿದಾದ ಅಂಚು ಬೇಕೆಂದರೆ ಹೆಚ್ಚು ಅಂಕಿಗಳನ್ನು ಕೂಡಿಹಾಕುವವರೆಗೆ ಗಣಕವೂ ಕಾಯಬೇಕು. ಅದಲ್ಲದೆ, ಫೋನು ತಾನೇ ಕೂಗುತ್ತಿರುವಾಗ ದೂರದ ಗೋಪುರದ ಪಿಸುಮಾತನ್ನು ಆಲಿಸಬೇಕಾಗಿದೆ. ಆ ಕೂಗನ್ನು ಬಾಗಿಲಲ್ಲೇ ತಡೆಯದಿದ್ದರೆ ಪಿಸುಮಾತು ಲೆಕ್ಕದವರೆಗೆ ತಲಪುವುದೇ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಹೊಸ ಉಪಕರಣಗಳನ್ನು ನಾನು ಕೇಳುತ್ತಿಲ್ಲ. ಅದೇ ಸುರುಳಿ, ಅದೇ ಧಾರಕ, ಅದೇ ರೋಧಪೆಟ್ಟಿಗೆ ಇರಲಿ. ಪ್ರಶ್ನೆಯನ್ನು ಮಾತ್ರ ಬದಲಾಯಿಸೋಣ. ೦.೧ ಹೆನ್ರಿಯ ಸುರುಳಿ, ೦.೧ ಮೈಕ್ರೊಫ್ಯಾರಡಿನ ಧಾರಕ ಇದ್ದರೆ ಅನುರಣನ ಆವೃತ್ತಿ ೧,೫೯೨ ಹರ್ಟ್ಸ್. ‘ಗುಣಾಂಕವನ್ನು ಕಂಡುಹಿಡಿಯಿರಿ’ ಎಂದು ಕೇಳುವ ಬದಲು, ‘ಈ ಆವೃತ್ತಿಯ ಸುತ್ತ ೪೦೦ ಹರ್ಟ್ಸ್ ಅಗಲದ ಸಂಕೇತ ಹಾದುಹೋಗಬೇಕು, ಎಷ್ಟು ರೋಧವನ್ನು ಇರಿಸುವಿರಿ?’ ಎಂದು ಕೇಳೋಣ. ಸುರುಳಿಯ ರೋಧವನ್ನೂ ಸೇರಿಸಿ ಸುಮಾರು ೨೫೦ ಓಮ್ ಎಂಬ ಉತ್ತರ ಬರುವುದು. ೧೦೦ ಓಮ್ ಇಟ್ಟವನ ಪಟ್ಟಿಯಗಲ ೧೫೯ ಹರ್ಟ್ಸ್ ಮಾತ್ರ. ಅವನ ಸುಂದರವಾದ ಮೊನಚು ಶಿಖರ ಈ ಕೆಲಸಕ್ಕೆ ಬಾರದು. ಸಾಧ್ಯವಿರುವ ಕಡೆ ಆಸಿಲಸ್ಕೋಪಿನಲ್ಲಿ ಮಂಡಲದ ಮಿಡಿತ ಆರಿಹೋಗುವ ಕಾಲವನ್ನೂ ನೋಡಲಿ. ೧೦೦ ಓಮಿಗೆ ೨ ಮಿಲಿಸೆಕೆಂಡಿನಲ್ಲಿ ಮಿಡಿತ ಮೂರನೆಯ ಒಂದು ಪಾಲಿಗೆ ತುಸು ಮೇಲಕ್ಕೆ ಇಳಿಯುವುದು; ೫೦೦ ಓಮಿಗೆ ೦.೪ ಮಿಲಿಸೆಕೆಂಡಿನಲ್ಲಿಯೇ. ಮೊನಚಿಗೆ ತೆರುವ ಬೆಲೆ ಕಾಲವೆಂಬುದು ಆಗ ಕಣ್ಣಿಗೇ ಕಾಣುವುದು.

ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಯಾವುದೇ ಉಪಕರಣವನ್ನು ‘ಉತ್ತಮ’ವೆಂದು ಯಾರಾದರೂ ಹೇಳಿದರೆ ‘ಯಾವ ಕೆಲಸಕ್ಕೆ?’ ಎಂದು ಕೇಳಲು ಹಿಂಜರಿಯಬೇಡಿ. ಅಧ್ಯಾಪಕರು ಅವಸರದಲ್ಲಿ ಪಕ್ಕದ ಮೇಜಿಗೆ ಹೋದರೂ ಪ್ರಶ್ನೆಯನ್ನು ಬಿಡಬೇಡಿ. ಆ ವಿದ್ಯಾರ್ಥಿನಿಯ ಪದವಿ ಮುಗಿದು ಎಷ್ಟೋ ಕಾಲವಾಗಿದೆ; ಅವಳಿಗೆ ನಾನು ಕೊಟ್ಟ ಉತ್ತರವನ್ನು ಹಿಂದೆಗೆದುಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ಕಳೆದ ವರ್ಷದಿಂದ ನನ್ನ ತರಗತಿಯಲ್ಲಿ ಈ ಪ್ರಯೋಗವನ್ನು ೧೦೦ ಓಮ್ ಮತ್ತು ೫೦೦ ಓಮ್ ಎರಡರಲ್ಲಿಯೂ ಮಾಡಿಸುತ್ತಿದ್ದೇನೆ. ಎರಡು ರೇಖೆಗಳನ್ನೂ ಒಂದೇ ಆಲೇಖದಲ್ಲಿ ಎಳೆದು, ಪ್ರತಿಯೊಂದು ಯಾವ ಕೆಲಸಕ್ಕೆ ಒದಗುವುದೆಂದು ಕೆಳಗೆ ಬರೆಯಬೇಕು. ಹರಡಿದ ಗುಡ್ಡಕ್ಕೆ ಈಗ ಅಂಕ ಕಳೆಯುವುದಿಲ್ಲ.